ಎಷ್ಟು ದೂರಕ್ಕೆ ಕೇಳಬೇಕು?

ಒಂದೂವರೆ ತಿಂಗಳು ತಿದ್ದಿ ತೀಡಿದ ಒಂದು ಜಾಝ್ ಬ್ಯಾಲಡ್, ಅಂದರೆ ನಿಧಾನಗತಿಯ ಹಾಡು. ಮಹಡಿ ಕೋಣೆಯ ಬಾಗಿಲು ಹಾಕಿಕೊಂಡು ಸ್ಯಾಕ್ಸೋಫೋನಿನಲ್ಲಿ ನುಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಎರಡು ಸಲ ಕೇಳಿ, ಪರವಾಗಿಲ್ಲ ಅನ್ನಿಸಿದ ಮೇಲೇ ಕೆಳಗೆ ತಂದು ಊಟದ ಮೇಜಿನ ಮೇಲಿಟ್ಟೆ. ಹೆಂಡತಿ ಬೀನ್ಸ್ ನಾರು ತೆಗೆಯುತ್ತಿದ್ದಳು. ಮಗಳು ಹೋಂವರ್ಕಿನಿಂದ ತಲೆ ಎತ್ತಲಿಲ್ಲ. ಎಂಟು ಹತ್ತು ಸೆಕೆಂಡು ಆಗಿರಬಹುದು, "ಯಾರ ಮನೆ ಮದುವೆ ಅಪ್ಪಾ?" ಅಂದಳು.

ಕುಟುಕಲು ಹೇಳಿದ್ದಲ್ಲ. ಯಾರೋ ಕಳಿಸಿದ ಮದುವೆ ವಿಡಿಯೋ ಎಂದೇ ಅಂದುಕೊಂಡಿದ್ದಳು. ಅದು ಇನ್ನೂ ಹೆಚ್ಚು ಚುಚ್ಚಿತು. ಸ್ವರ ತಪ್ಪಿರಲಿಲ್ಲ, ಲಯವೂ ನನ್ನ ಮಟ್ಟಿಗೆ ಜಾಝಿನ ಓಲಾಟದಲ್ಲೇ ಇತ್ತು. ಆದರೆ ನಾದ? ನಾದ ನೆಟ್ಟಗೆ, ಹೊಳೆಯುತ್ತ, ಎದೆ ಸೆಟೆಸಿಕೊಂಡು ದಿಬ್ಬಣದ ಮುಂದೆ ನಡೆಯುತ್ತಿತ್ತು. ಶಿವಮೊಗ್ಗದಲ್ಲಿ ಜಾಝ್ ಸ್ಯಾಕ್ಸೋಫೋನ್ ನುಡಿಸುವವರ ಸಂಘ ಕಟ್ಟಿದರೆ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಮೂರೂ ನಾನೇ ಆಗಬೇಕಾದೀತು. ಹಾಗಾಗಿ ಹೋಲಿಸಿಕೊಂಡು ಸಮಾಧಾನಪಟ್ಟುಕೊಳ್ಳಲೂ ಯಾರಿಲ್ಲ. ಆ ರಾತ್ರಿ ಹನ್ನೊಂದು ಗಂಟೆಗೆ ನಾನು ಹಾಸಿಗೆಯಲ್ಲಿ ಬೋರಲು ಮಲಗಿ ಮೌತ್‌ಪೀಸುಗಳ, ಅಂದರೆ ವಾದ್ಯದ ತುದಿಯಲ್ಲಿ ಬಾಯಿಗಿಟ್ಟು ಊದುವ ತುಂಡುಗಳ, ಬೆಲೆ ನೋಡುತ್ತಿದ್ದೆ. ಸ್ಯಾಕ್ಸ್ ನುಡಿಸುವವರಿಗೆ ಈ ಕಾಯಿಲೆ ಗೊತ್ತು. ವಾದ್ಯ ಹೊಸದು ಕೊಳ್ಳಲು ದುಡ್ಡಿಲ್ಲ, ನಮ್ಮನ್ನು ಬದಲಿಸಿಕೊಳ್ಳಲು ಪುರಸೊತ್ತಿಲ್ಲ, ನಡುವೆ ಹೆಬ್ಬೆರಳಿಗಿಂತ ತುಸು ದಪ್ಪದ ಈ ಒಂದು ತುಂಡು ಸಿಗುತ್ತದೆ.

ವಾಲಗದ ಮೇಷ್ಟ್ರು

ನನ್ನ ಊರು ಸಾಗರದ ಕಡೆ. ನಮ್ಮಲ್ಲಿ ಸ್ಯಾಕ್ಸೋಫೋನ್ ಎಂದರೆ ಮದುವೆ, ಉಪನಯನ, ರಥೋತ್ಸವ. ಘಟ್ಟದ ಕೆಳಗಿನಿಂದ ಬಂದು ನಮ್ಮ ಸೀಮೆಯಲ್ಲೇ ನೆಲೆಯಾದ ಒಬ್ಬರು ವಾಲಗದವರ ಹತ್ತಿರ ನಾನು ಊದಲು ಕಲಿತೆ. ಊರಿಗೆಲ್ಲ ಅವರು ವಾಲಗದವರಾದರೂ ನನಗೆ ಮಾತ್ರ ಮೇಷ್ಟ್ರು. ಅವರಪ್ಪ ನಾಗಸ್ವರದವರು, ಇವರು ಕದ್ರಿ ಗೋಪಾಲನಾಥರನ್ನು ಒಂದು ಉತ್ಸವದಲ್ಲಿ ಕೇಳಿ ಸ್ಯಾಕ್ಸೋಫೋನಿಗೆ ಬಂದವರು. ಕದ್ರಿಯವರ ಕಥೆಯೂ ಹೆಚ್ಚು ಕಡಿಮೆ ಹಾಗೇ ಅಲ್ಲವೇ? ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು, ಮಗ ಮೈಸೂರು ಅರಮನೆ ಬ್ಯಾಂಡಿನಲ್ಲಿ ಈ ಹಿತ್ತಾಳೆಯ ವಾದ್ಯ ಕೇಳಿ ಮರುಳಾದದ್ದು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ ವಾದ್ಯ ಕರಾವಳಿಗೆ, ಅಲ್ಲಿಂದ ಘಟ್ಟ ಹತ್ತಿ ನಮ್ಮ ಅಂಗಳಕ್ಕೆ ಬಂದಾಗ, ಯಾವ ವಾದ್ಯದ ಜಾಗಕ್ಕೆ ಬಂತೋ ಅದರ ಗಂಟಲನ್ನೂ ತಗೊಂಡಿತು. ನಾಗಸ್ವರ ಬಯಲ ವಾದ್ಯ. ಅದರ ಆಸೆಯೇ ದೂರ ಹೋಗುವುದು.

ಚಿಕ್ಕಪ್ಪನ ಮದುವೆ ನೆನಪಾಗುತ್ತದೆ. ಅಂಗಳಕ್ಕೆ ಅಡಿಕೆ ದಬ್ಬೆಯ ಚಪ್ಪರ, ಮೇಲೆ ಸೋಗೆ. ಮೈಕಿಲ್ಲ. ಮೇಷ್ಟ್ರು ಜಗಲಿಯ ಕಂಬಕ್ಕೊರಗಿ ಕೂತಿದ್ದರು, ಪಕ್ಕದಲ್ಲಿ ಡೋಲು, ತಾಳ. ನಾನು ಮನೆಯ ಹಿಂದೆ ಅಡುಗೆಯವರ ಕೊಟ್ಟಿಗೆಯಲ್ಲಿ ಬಾಳೆಲೆ ಒರೆಸುವ ಕೆಲಸಕ್ಕೆ ಸಿಕ್ಕಿಬಿದ್ದಿದ್ದೆ. ಕೋಡುಬಳೆಯ ಎಣ್ಣೆ ಚುರುಗುಡುವ ಸದ್ದು, ಇಪ್ಪತ್ತು ಜನರ ಮಾತು, ದೊಡ್ಡ ಉರುಳಿಯಲ್ಲಿ ಸೌಟಿನ ಸದ್ದು. ಅದೆಲ್ಲದರ ಮೇಲಿಂದ ಗಟ್ಟಿಮೇಳ ಕೇಳಿದ ಕೂಡಲೇ ಅಡುಗೆ ಭಟ್ಟರು, "ಹಾಂ, ತಾಳಿ ಆತು, ಎಲೆ ಹಾಕ್ರಾ" ಅಂದರು. ಅವರಿಗೆ ಮುಹೂರ್ತದ ಗಡಿಯಾರವೇ ಸ್ಯಾಕ್ಸೋಫೋನು. ತೋಟದ ಕೆಳಗಿನ ಮನೆಯಲ್ಲಿ ಹಾಸಿಗೆ ಹಿಡಿದಿದ್ದ ಅಜ್ಜಿಯೊಬ್ಬಳು ಅಲ್ಲಿಂದಲೇ ಕೈ ಮುಗಿದಳಂತೆ. ಮೇಷ್ಟ್ರು ನನಗೆ ಕಲಿಸಿದ್ದು ಈ ಊದುವಿಕೆಯನ್ನು. "ಡೋಲಿಗೆ ಸಿಕ್ಕಬಾರದು" ಎನ್ನುತ್ತಿದ್ದರು. ಡೋಲಿನ ಪೆಟ್ಟಿನಡಿ ನಿನ್ನ ಸ್ವರ ಸಿಕ್ಕಿ ನಜ್ಜಾಗಬಾರದು, ಅದರ ಮೇಲಿಂದ ದಾಟಿಕೊಂಡು ಹೋಗಬೇಕು.

ಜಾಝ್ ಸಿಕ್ಕಿದ್ದು ಬಹಳ ತಡವಾಗಿ, ಬೆಂಗಳೂರಿನಲ್ಲಿ ಓದುವಾಗ, ರೂಮಿನ ಗೆಳೆಯನ ಕ್ಯಾಸೆಟ್ಟಿನಲ್ಲಿ. ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಪಾಲ್ ಡೆಸ್ಮಂಡ್. 1958ರಲ್ಲಿ ಪಿಯಾನೋ ವಾದಕ ಡೇವ್ ಬ್ರೂಬೆಕ್ ತಂಡದ ಜೊತೆ ಭಾರತಕ್ಕೂ ಬಂದು ಹೋಗಿದ್ದ ಮನುಷ್ಯ, ನಾನಾಗ ಹುಟ್ಟಿರಲಿಲ್ಲ. ನನ್ನದೇ ಆಲ್ಟೋ ಸ್ಯಾಕ್ಸೋಫೋನ್ ಅದು ಎಂದು ನಂಬಲು ಒಂದು ವಾರ ಬೇಕಾಯಿತು. ಊದಿದಂತೆಯೇ ಇರಲಿಲ್ಲ, ಉಸಿರಾಡಿದಂತಿತ್ತು. ತನ್ನ ನಾದ ಡ್ರೈ ಮಾರ್ಟಿನಿಯ ಹಾಗಿರಬೇಕೆಂದು ಆತ ಹೇಳಿಕೊಂಡಿದ್ದು ಪ್ರಸಿದ್ಧ. ನಾನು ಆ ಪಾನೀಯದ ರುಚಿ ನೋಡಿದವನಲ್ಲ, ಆದರೆ ನಮ್ಮ ಮನೆಯ ಅಪ್ಪೆಹುಳಿ ಕುಡಿದವನು: ತೆಳ್ಳಗೆ, ತಣ್ಣಗೆ, ಹುಳಿಯಾಗಿ, ಗಂಟಲಿಂದಿಳಿದ ಮೇಲೆ ಅಪ್ಪೆಮಿಡಿಯ ಪರಿಮಳ ಮೂಗಿಗೆ ಬರುವುದು, ಕುಡಿದ ಅರ್ಧ ಗಂಟೆಗೆ ಕಣ್ಣು ಎಳೆಯುವುದು. ಡೆಸ್ಮಂಡ್ ನನಗೆ ಕೇಳಿಸಿದ್ದು ಹಾಗೆ. ನನಗೂ ಅದೇ ಬೇಕಿತ್ತು, ನನ್ನ ಬಾಯಿಂದಲೇ.

ಎರಡು ಹಾಳೆ ಕಾಗದದ ದಪ್ಪ

ಮೌತ್‌ಪೀಸ್ ಹೊರಗಿನಿಂದ ನೋಡಿದರೆ ಹಕ್ಕಿಯ ಕೊಕ್ಕು, ಒಳಗೆ ಇಣುಕಿದರೆ ಪುಟ್ಟ ಗವಿ. ಕೊಕ್ಕಿನ ಅಡಿಗೆ ರೀಡ್ ಎಂಬ ತೆಳು ಕಡ್ಡಿಯ ಪಟ್ಟಿ ಕಟ್ಟುತ್ತೇವೆ, ಊದಿದಾಗ ಕಂಪಿಸುವುದು ಅದೇ. ರೀಡಿನ ತುದಿಗೂ ಕೊಕ್ಕಿನ ತುದಿಗೂ ನಡುವೆ ಇರುವ ಸಂದಿಗೆ ಟಿಪ್ ಓಪನಿಂಗ್ ಎನ್ನುತ್ತಾರೆ. ಕೊಳ್ಳುವವರೆಲ್ಲ ಮೊದಲು ನೋಡುವ ಸಂಖ್ಯೆ ಅದು. ನನ್ನ ವಾದ್ಯದ ಜೊತೆ ಬಂದದ್ದು ಯಮಾಹಾ 4ಸಿ, ಅದರ ಸಂದಿ 1.6 ಮಿಲಿಮೀಟರ್. ಕ್ಯಾನನ್‌ಬಾಲ್ ಆಡರ್ಲಿ, ಫಿಲ್ ವುಡ್ಸ್ ಮುಂತಾದವರಿಂದಾಗಿ ಜಾಝ್ ಆಲ್ಟೋದವರ ಬಾಯಲ್ಲಿ ಮಂತ್ರದಂತಾಗಿರುವ ಮೇಯರ್ 5ರ ಸಂದಿ ಸುಮಾರು 1.8. ವ್ಯತ್ಯಾಸ ಎಷ್ಟಾಯಿತು? ಜೆರಾಕ್ಸ್ ಕಾಗದದ ಎರಡು ಹಾಳೆ ಒಟ್ಟಿಗೆ ಇಟ್ಟಷ್ಟು. ಅಷ್ಟಕ್ಕೇ ರೀಡ್ ಬದಲಿಸಬೇಕಾಗುತ್ತದೆ. ಸಂದಿ ದೊಡ್ಡದಾದಷ್ಟೂ ರೀಡ್ ಮೆತ್ತಗಿರಬೇಕು, ಇಲ್ಲದಿದ್ದರೆ ಹತ್ತು ನಿಮಿಷಕ್ಕೆ ತುಟಿ ಬಿದ್ದುಹೋಗುತ್ತದೆ. ಇನ್ನೊಂದು ತಮಾಷೆ, ಒಬ್ಬ ತಯಾರಕರ 5 ಇನ್ನೊಬ್ಬರ 5ಕ್ಕೆ ಸಮ ಅಲ್ಲ. ಮಿಲಿಮೀಟರ್ ಕೇಳದೆ ಬರೀ ನಂಬರ್ ನೋಡಿ ಕೊಳ್ಳುವುದೂ ಒಂದೇ, ಬೇರೆ ಬೇರೆ ಕಂಪನಿಯ ಚಪ್ಪಲಿಯನ್ನು ಸೈಜ್ ನೋಡಿ ತರುವುದೂ ಒಂದೇ.

ಆದರೆ ನಾದದ ಬಣ್ಣ ತೀರ್ಮಾನವಾಗುವುದು ಹೆಚ್ಚಾಗಿ ಗವಿಯೊಳಗೆ. ತುದಿಯಿಂದ ಒಳಗಿಳಿಯುವ ಚಾವಣಿಗೆ ಬ್ಯಾಫಲ್ ಎಂದೂ ಅದರಾಚೆಯ ಅಗಲ ಜಾಗಕ್ಕೆ ಚೇಂಬರ್ ಎಂದೂ ಹೆಸರು. ಬ್ಯಾಫಲ್ ಎತ್ತರವಾಗಿ ರೀಡಿಗೆ ಹತ್ತಿರ ಇದ್ದರೆ ಗಾಳಿ ಇಕ್ಕಟ್ಟಿನಲ್ಲಿ ರಭಸ ಪಡೆದು ಮೇಲಿನ ಹಾರ್ಮೋನಿಕ್‌ಗಳು, ಅಂದರೆ ಸ್ವರದೊಳಗೆ ಅಡಗಿದ ಎತ್ತರದ ಉಪಸ್ವರಗಳು, ಎದ್ದು ನಿಲ್ಲುತ್ತವೆ, ನಾದಕ್ಕೆ ಅಲಗು ಬರುತ್ತದೆ. ಬ್ಯಾಫಲ್ ತಗ್ಗಿ ಚೇಂಬರ್ ಅಗಲವಾದರೆ ನಾದ ದುಂಡಗೆ, ಕಪ್ಪಗೆ. ನಮ್ಮೂರಿನ ಹಳ್ಳ ಎರಡು ಬಂಡೆಗಳ ನಡುವೆ ನುಸುಳುವ ಕಡೆ ಪಕ್ಕದವರ ಮಾತು ಕೇಳದು. ಅಲ್ಲಿಂದ ಇಪ್ಪತ್ತು ಮಾರು ಕೆಳಗೆ ಗುಂಡಿಯಲ್ಲಿ ಹರಡಿಕೊಂಡಾಗ ಎಲೆ ಬಿದ್ದರೂ ಕೇಳುತ್ತದೆ. ನೀರು ಅದೇ. ಅಡಾಲ್ಫ್ ಸ್ಯಾಕ್ಸ್ ಮಹಾಶಯ ಮೊದಲು ಮಾಡಿದ ಮೌತ್‌ಪೀಸುಗಳ ಒಳಗು ದೊಡ್ಡ ದುಂಡನೆಯ ಕೋಣೆಯಂತಿತ್ತು. ಇಪ್ಪತ್ತನೇ ಶತಮಾನದಲ್ಲಿ ನೃತ್ಯದ ಬ್ಯಾಂಡುಗಳು ದೊಡ್ಡದಾಗಿ, ತುತ್ತೂರಿಗಳ ಮುಂದೆ ಸ್ಯಾಕ್ಸ್ ಕೇಳಿಸದಾದಾಗ ಬ್ಯಾಫಲ್ ಏರುತ್ತ ಚೇಂಬರ್ ಕುಗ್ಗುತ್ತ ಬಂತು. ಲೋಹದ್ದು ಚೂಪು, ರಬ್ಬರಿನದು ಮೃದು ಎಂದು ಎಲ್ಲರೂ ಹೇಳುತ್ತಾರೆ. ಅದು ಬಹುಮಟ್ಟಿಗೆ ಒಳಗಿನ ಆಕಾರದ ಮಾತು. ಲೋಹದವುಗಳಲ್ಲಿ ಸಾಮಾನ್ಯವಾಗಿ ಬ್ಯಾಫಲ್ ಎತ್ತರ ಇರುವುದರಿಂದ ಲೋಹಕ್ಕೆ ಆ ಹೆಸರು ಅಂಟಿಕೊಂಡಿದೆ.

ಇಷ್ಟೆಲ್ಲ ತಿಳಿದದ್ದು ಈಗ. ಆಗ ನಾನು ಮಾಡಿದ್ದು ಲೋಹದ ಫೋಟೋ ನೋಡಿ ಮರುಳಾಗಿ, ಚಿನ್ನದ ಬಣ್ಣದ ಒಂದು ಪೀಸನ್ನು ಆನ್‌ಲೈನಿನಲ್ಲಿ ತರಿಸಿದ್ದು. ವಿವರಣೆಯಲ್ಲಿ ಜಾಝ್ ಎಂದು ಬರೆದಿತ್ತು, ಅಷ್ಟು ಸಾಕಾಯಿತು. ಬಾಯಿಗಿಟ್ಟು ಊದಿದರೆ ಹಿಂದಿನ ಬೀದಿಯ ನಾಯಿ ಬೊಗಳಿತು. ಮದುವೆ ಮನೆ ಬಿಟ್ಟು ಹೊರಟವನು ಜಾತ್ರೆಗೆ ಬಂದು ಮುಟ್ಟಿದ್ದೆ. ಸಾಲದ್ದಕ್ಕೆ ಎರಡು ಸ್ವರಕ್ಕೊಂದು ಸಲ ಕೀಚ್ ಎನ್ನುತ್ತಿತ್ತು.

ಎರಡನೆಯದು ಹಳೆಯ ಎಬೊನೈಟ್, ಬೆಂಗಳೂರಿನ ಒಬ್ಬರಿಂದ ಕೊಂಡದ್ದು. ಕಡುಗಪ್ಪು, ನುಣುಪು, ನಾದವೂ ಮಂದ್ರದಲ್ಲಿ ಚೆನ್ನಾಗಿತ್ತು. ಇನ್ನೊಬ್ಬರ ಬಾಯಲ್ಲಿದ್ದದ್ದು ಎಂದು ಊರಿಗೆ ಒಯ್ದಾಗ ಬಚ್ಚಲು ಹಂಡೆಯ ಕುದಿಯುವ ನೀರಿನಲ್ಲಿ ಅದ್ದಿ ತೊಳೆದೆ. ಮಲೆನಾಡಿನವನಿಗೆ ಬಿಸಿನೀರಿನ ಮೇಲೆ ಇರುವ ನಂಬಿಕೆ ಗೊತ್ತಲ್ಲ. ಎಬೊನೈಟ್ ಎಂದರೆ ಬೇಕಾದಷ್ಟು ಗಂಧಕ ಸೇರಿಸಿ ಬೇಯಿಸಿ ಗಟ್ಟಿ ಮಾಡಿದ ರಬ್ಬರು. ತೆಗೆದು ನೋಡಿದರೆ ಪಾಚಿ ಹಿಡಿದ ಹಂಚಿನ ಬಣ್ಣ, ಬಚ್ಚಲು ತುಂಬ ಗಂಧಕದ ವಾಸನೆ. ಅಮ್ಮ ಬಾಗಿಲಿಗೆ ಬಂದು, "ಎಂತ ಸುಟ್ಟು ಹಾಕ್ದ್ಯೋ?" ಅಂದಳು. ಬಾಯಿಗಿಟ್ಟಾಗಲೆಲ್ಲ ಪಟಾಕಿ ಕಚ್ಚಿದ ರುಚಿ ಬರುತ್ತಿತ್ತು. ಅದು ಈಗ ಮೇಜಿನ ಮೇಲೆ ಕಾಗದ ಹಾರದಂತೆ ಕೂತಿದೆ.

ಆಟೋ ಕಾಂಪ್ಲೆಕ್ಸಿನಲ್ಲಿ

ಚಿನ್ನದ ಬಣ್ಣದ ಪೀಸು ಕೀಚೆನ್ನುವುದು ನನ್ನ ತಪ್ಪೋ ಅದರ ತಪ್ಪೋ ತಿಳಿಯಬೇಕಿತ್ತು. ಮೌತ್‌ಪೀಸಿನ ಇಳಿಜಾರನ್ನು ಅಳೆಯುವವರು ಗಾಜಿನ ತುಂಡು ಮತ್ತು ಫೀಲರ್ ಗೇಜ್ ಬಳಸುತ್ತಾರೆಂದು ಓದಿದ್ದೆ. ಫೀಲರ್ ಗೇಜ್ ಶಿವಮೊಗ್ಗದಲ್ಲಿ ಯಾರ ಹತ್ತಿರ ಇರುತ್ತದೆ? ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ನನ್ನ ಹಳೇ ಯಮಾಹಾ ಬೈಕು ಆರ್‌ಎಕ್ಸ್ 100 ನೋಡಿಕೊಳ್ಳುವ ಮೆಕ್ಯಾನಿಕ್ ಒಬ್ಬರಿದ್ದಾರೆ, ನಾನು ಅವರನ್ನು ಭಾಯ್ ಎನ್ನುತ್ತೇನೆ. ಟ್ಯಾಪೆಟ್ ಅಡ್ಜಸ್ಟ್ ಮಾಡುವ ಆ ತೆಳು ಉಕ್ಕಿನ ಪಟ್ಟಿಗಳ ಗೊಂಚಲು ಅವರ ಮೇಜಿನ ಡ್ರಾಯರಿನಲ್ಲಿ ಗ್ರೀಸ್ ಮೆತ್ತಿಕೊಂಡು ಬಿದ್ದಿತ್ತು.

ಭಾಯ್ ಮೌತ್‌ಪೀಸನ್ನು ತಿರುಗಿಸಿ ಮುರುಗಿಸಿ ನೋಡಿದರು. ರೀಡನ್ನು ಉಗುರಿನಿಂದ ಮೀಟಿದರು. "ಇದು ನಮ್ ರೀಡ್ ವಾಲ್ವ್ ಅಲ್ವಾ ಸಾರ್" ಅಂದರು. ನನಗೆ ಒಂದು ಕ್ಷಣ ಹೊಳೆಯಲಿಲ್ಲ. ಅವರು ರಟ್ಟಿನ ಡಬ್ಬಿಯೊಂದರಲ್ಲಿ ಕೈಯಾಡಿಸಿ ಆರ್‌ಎಕ್ಸ್ 100ರ ಹಳೆಯ ರೀಡ್ ಬ್ಲಾಕ್ ತೆಗೆದು ತೋರಿಸಿದರು. ಒಂದರ ಪಕ್ಕ ಒಂದು ತೆಳು ಎಸಳುಗಳು, ಎಂಜಿನ್ ಎಳೆದಾಗ ತೆರೆದು ಮಿಶ್ರಣ ಒಳಗೆ ಬಿಟ್ಟು, ಒತ್ತಿದಾಗ ಮುಚ್ಚಿಕೊಳ್ಳುವಂಥವು. ಒಂದರ ತುದಿ ಕಚ್ಚುಹೋಗಿತ್ತು. "ಇಷ್ಟೇ ಇಷ್ಟು ಹೋಗಿದ್ರೂ ಸ್ಟಾರ್ಟಿಂಗ್ ಟ್ರಬಲ್ ಸಾರ್, ಐಡ್ಲಿಂಗ್ ನಿಲ್ಲಲ್ಲ." ನನ್ನ ವಾದ್ಯವನ್ನು ಇಷ್ಟು ವರ್ಷದಲ್ಲಿ ಇಷ್ಟು ನೇರವಾಗಿ ಯಾರೂ ವಿವರಿಸಿರಲಿಲ್ಲ. ಸ್ಯಾಕ್ಸಿನ ರೀಡೂ ಬಾಗಿಲೇ. ಪಾಶ್ಚಾತ್ಯ ವಾದ್ಯವೃಂದದವರು ಶ್ರುತಿ ಹಿಡಿಯಲು ಬಳಸುವ 440ರ ಸ್ವರ ನುಡಿಸಿದರೆ ಆ ಬಾಗಿಲು ಸೆಕೆಂಡಿಗೆ 440 ಸಲ ತೆರೆದು ಮುಚ್ಚುತ್ತಿರುತ್ತದೆ. ಬೈಕಿಗೂ ವಾದ್ಯಕ್ಕೂ ಒಂದೇ ಕಂಪನಿಯ ಮೂರು ಶ್ರುತಿಕವಲುಗಳ ಗುರುತು ಇರುವುದು ನನಗೆ ಅದುವರೆಗೆ ಬರೀ ತಮಾಷೆಯಾಗಿತ್ತು.

ಶೋಕೇಸಿನಿಂದ ಒಡೆದುಳಿದ ಗಾಜಿನ ತುಂಡನ್ನು ಒರೆಸಿ, ಮೌತ್‌ಪೀಸಿನ ಚಪ್ಪಟೆ ಭಾಗವನ್ನು ಅದರ ಮೇಲೆ ಒತ್ತಿ ಹಿಡಿದೆವು. ಭಾಯ್ 0.05ರ ಪಟ್ಟಿಯನ್ನು ತುದಿಯಿಂದ ಮೆಲ್ಲಗೆ ಒಳಗೆ ತಳ್ಳಿದರು. ಸರಿಯಿರುವ ಪೀಸಿನಲ್ಲಿ ಪಟ್ಟಿ ಅಡ್ಡಗೆರೆಯಂತೆ ನೆಟ್ಟಗೆ ನಿಲ್ಲಬೇಕು. ನಮ್ಮದು ವಾರೆಯಾಗಿ ನಿಂತಿತು, ಎಡಗಡೆ ಸುಮಾರು ಎರಡು ಮಿಲಿಮೀಟರ್ ಹೆಚ್ಚು ಒಳಗೆ. ಎರಡು ಅಂಚುಗಳು ಸಮ ಇಲ್ಲದಿದ್ದರೆ ರೀಡ್ ಒಂದು ಕಡೆ ಮೊದಲು ಮುಚ್ಚುತ್ತದೆ, ಇನ್ನೊಂದು ಕಡೆ ಸೋರುತ್ತದೆ. ಕೀಚೆನ್ನದೆ ಇನ್ನೇನು ಮಾಡೀತು? "ಲ್ಯಾಪಿಂಗ್ ಮಾಡ್ಬಿಡೋಣ" ಎಂದು ಭಾಯ್ ಸಾವಿರ ನಂಬರಿನ ವಾಟರ್ ಪೇಪರನ್ನು ಗಾಜಿಗೆ ಹಾಸಿದರು. ನಾಲ್ಕು ಎಳೆತ, ಅಳತೆ. ಮತ್ತೆ ಮೂರು ಎಳೆತ, ಅಳತೆ. ನಡುವೆ ಯಾರದೋ ಸ್ಕೂಟರಿನ ಕ್ಲಚ್ ಕೇಬಲ್ ಹಾಕಿಕೊಟ್ಟು ಬಂದರು. ಒಂದು ಗಂಟೆಯ ಮೇಲೆ ಪಟ್ಟಿ ನೆಟ್ಟಗಾಯಿತು. ನಾನು ಗ್ಯಾರೇಜಿನ ಬಾಗಿಲಲ್ಲಿ ನಿಂತು ಊದಿದೆ. ಕೀಚು ಹೋಗಿತ್ತು. ಉಳಿದದ್ದು ಹಾಗೇ ಇತ್ತು. ಎದುರಿನ ಟೈರ್ ಅಂಗಡಿಯಿಂದ ಇಬ್ಬರು ಹೊರಗೆ ಬಂದು ನೋಡಿದರು. "ಪಿಕಪ್ ಸೂಪರ್ ಸಾರ್" ಅಂದರು ಭಾಯ್. ದುಡ್ಡು ತಗೊಳ್ಳಲಿಲ್ಲ, ಟೀ ಕುಡಿಸಿದರು.

ಗಾಜಿನ ಕೋಣೆ

ಕೊನೆಗೆ ಬುದ್ಧಿ ಬಂದು, ನುಡಿಸಿ ನೋಡದೆ ಕೊಳ್ಳುವುದಿಲ್ಲ ಎಂದು ನಿರ್ಧರಿಸಿ ಬೆಳಗಿನ ಜನಶತಾಬ್ದಿ ಹತ್ತಿದೆ. ಬೆಂಗಳೂರಿನ ಅಂಗಡಿಯಲ್ಲಿ ಪರೀಕ್ಷೆಗೆಂದೇ ಗಾಜಿನ ಗೂಡೊಂದಿತ್ತು, ಸ್ನಾನದ ಮನೆಯಷ್ಟು ದೊಡ್ಡದು. ಐದು ಪೀಸು ಕೊಟ್ಟರು. ಸ್ನಾನದ ಮನೆಯಲ್ಲಿ ಯಾರು ಚೆನ್ನಾಗಿ ಹಾಡುವುದಿಲ್ಲ? ಐದರಲ್ಲೂ ನಾನೇ ಡೆಸ್ಮಂಡ್. ಒಂದೂವರೆ ಗಂಟೆಯ ಹೊತ್ತಿಗೆ ತುಟಿ ಮರಗಟ್ಟಿ ಯಾವುದು ಯಾವುದೆಂದೇ ತಿಳಿಯದಾಯಿತು. ಒಂದು ವಿಷಯ ಮಾತ್ರ ಅಲ್ಲಿ ಗಮನಕ್ಕೆ ಬಂತು. ಕೊಕ್ಕಿನ ಮೇಲೆ, ಮೇಲಿನ ಹಲ್ಲು ಊರುವ ಜಾಗಕ್ಕೆ, ಅಂಗಡಿಯ ಹುಡುಗ ಒಂದು ರಬ್ಬರಿನ ಚಿಕ್ಕ ಪ್ಯಾಚ್ ಅಂಟಿಸಿಕೊಟ್ಟ. ಅಂಟಿಸಿದ ತಕ್ಷಣ ನಾದ ಬದಲಾಯಿತು, ನನಗೆ ಮಾತ್ರ. ಹೊರಗೆ ನಿಂತವನಿಗೆ ಏನೂ ವ್ಯತ್ಯಾಸ ತಿಳಿಯಲಿಲ್ಲವಂತೆ. ಊದುವವನು ತನ್ನ ನಾದದ ಒಂದು ಪಾಲನ್ನು ಹಲ್ಲಿನಿಂದ ಮೂಳೆಯ ಮೂಲಕ ಕೇಳುತ್ತಾನೆ, ಪ್ಯಾಚು ಅದನ್ನು ತಡೆದಿತ್ತು. ಹಾಗಾದರೆ ಇಷ್ಟು ದಿನ ನಾನು ಆರಿಸುತ್ತಿದ್ದದ್ದು ಯಾರ ಕಿವಿಗೆ? ಈ ಪ್ರಶ್ನೆ ತಲೆಯಲ್ಲಿಟ್ಟುಕೊಂಡೇ, ಬೇರೆ ಏನೂ ತೋಚದೆ, ಮೇಯರ್ 5 ಕಟ್ಟಿಸಿಕೊಂಡು ವಾಪಸ್ ರೈಲು ಹತ್ತಿದೆ. ಬೆಲೆಯನ್ನು ಮನೆಯಲ್ಲಿ ಅರ್ಧ ಹೇಳಿದ್ದೇನೆ, ಇಲ್ಲಿ ಪೂರ್ತಿ ಹೇಳುವುದು ಕ್ಷೇಮವಲ್ಲ.

ಪೆಂಡಾಲೋ, ಛತ್ರವೋ

ಮೇಷ್ಟ್ರು ಈಗ ಹೊಸನಗರದ ಹತ್ತಿರ ಮಗಳ ಮನೆಯಲ್ಲಿದ್ದಾರೆ. ಮೇಲಿನ ಎರಡು ಹಲ್ಲು ಹೋದ ಮೇಲೆ ಊದುವುದು ಬಿಟ್ಟಿದ್ದಾರೆ. ಕಟ್ಟಿಸಿಕೊಂಡ ಹಲ್ಲು ಮೌತ್‌ಪೀಸಿನ ಮೇಲೆ ನಿಲ್ಲುವುದಿಲ್ಲ. ದೀಪಾವಳಿ ಕಳೆದ ಮೇಲೆ, ಅಡಿಕೆ ಸುಲಿತ ನಡೆಯುವ ಹೊತ್ತಿನಲ್ಲಿ, ಸ್ಟೀಲ್ ಡಬ್ಬಿಯಲ್ಲಿ ಮೂರು ಪೀಸು ಹಾಕಿಕೊಂಡು ಹೋದೆ. ಅಂಗಳದಲ್ಲಿ ಮೆಟ್ಟುಗತ್ತಿ ಮುಂದೆ ಕೂತವರ ಕಟಕಟ, ಹಂಡೆಯಲ್ಲಿ ಅಡಿಕೆ ಬೇಯುವ ಚೊಗರಿನ ವಾಸನೆ. ನನ್ನ ಮಗಳ ಟೀಕೆ, ಕುದಿನೀರಿನ ಕಥೆ, ಗ್ಯಾರೇಜು ಎಲ್ಲ ಹೇಳಿದೆ. ಅವರು ತುಂಬ ನಕ್ಕದ್ದು ಬೆಲೆಗೆ.

"ಕೆಳಗೆ ತೋಟಕ್ಕೆ ಹೋಗು, ಒಂದೊಂದೇ ಹಾಕಿ ಊದು. ಯಾವ್ದು ಅಂತ ಹೇಳ್ಬೇಡ" ಅಂದರು. ಕಾಲುಸಂಕ ದಾಟಿ, ಅಡಿಕೆ ಮರಗಳ ನಡುವೆ ನಿಂತು ಮೂರರಲ್ಲೂ ಅದೇ ಬ್ಯಾಲಡ್ಡಿನ ಮೊದಲ ಸಾಲು ನುಡಿಸಿದೆ. ಮೇಲೆ ಹತ್ತಿ ಬಂದರೆ ಅವರ ತೀರ್ಪು ತಯಾರಿತ್ತು. ಮೊದಲನೆಯದು ಪರವಾಗಿಲ್ಲ. ಎರಡನೆಯದು ಒಳ್ಳೇ ಪೀಸು, ಪ್ರತಿ ಸ್ವರವೂ ಕೇಳಿತು. ಮೂರನೆಯದರಲ್ಲಿ, "ನೀನು ಊದ್ತಾ ಇದ್ದೀ ಅಂತ ಗೊತ್ತಾಯ್ತು. ಎಂಥ ಊದಿದ್ದು ಅಂತ ಗೊತ್ತಾಗ್ಲಿಲ್ಲ." ಎರಡನೆಯದು ಚಿನ್ನದ ಬಣ್ಣದ್ದು. ಮೂರನೆಯದು ಮೇಯರ್. ರೈಲು ಚಾರ್ಜೂ ಸೇರಿ ನನ್ನ ದುಡ್ಡೆಲ್ಲ ತೋಟದ ಬಸಿಗಾಲುವೆಯಲ್ಲಿ ಹೋದಂತಾಯಿತು.

ಆಮೇಲೆ ಒಳಗಿನ ಕೋಣೆಗೆ ಕರೆದರು. ಬಾಗಿಲು ಕಿಟಕಿ ಹಾಕಿಸಿದರು. ಲೋಹದ್ದು ಊದಿದಾಗ ಮುಖ ಸಿಂಡರಿಸಿ, ಚೆನ್ನಾಗಿ ಕೇಳುವ ಕಿವಿಯನ್ನು ಗೋಡೆಗೆ ತಿರುಗಿಸಿ ಕೂತರು. ಮೇಯರ್ ಊದಿದಾಗ, "ಇನ್ನೊಂದ್ಸಲ" ಅಂದರು. ನುಡಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಇದು ಪೆಂಡಾಲಿಗೋ, ಛತ್ರಕ್ಕೋ?"

ಈ ಪ್ರಶ್ನೆಯ ಹಿನ್ನೆಲೆ ನನಗೆ ಗೊತ್ತಿತ್ತು. ಯಾರೇ ಕಾರ್ಯಕ್ರಮಕ್ಕೆ ಫೋನ್ ಮಾಡಿದರೂ ಅವರು ಸಂಭಾವನೆಗಿಂತ ಮೊದಲು ಕೇಳುತ್ತಿದ್ದದ್ದು "ಪೆಂಡಾಲೋ, ಛತ್ರವೋ? ಮೈಕು ಉಂಟಾ?" ಅವರ ಪೆಟ್ಟಿಗೆಯಲ್ಲಿ ಎರಡು ಪೀಸು ಇರುತ್ತಿದ್ದವು, ಒಂದಕ್ಕೆ ಕೆಂಪು ದಾರ, ಒಂದಕ್ಕೆ ಬಿಳಿ. ಬಯಲಿಗೆ ಕೆಂಪು, ಮೈಕಿರುವ ಛತ್ರಕ್ಕೆ ಬಿಳಿ. ಹತ್ತು ವರ್ಷ ಆ ದಾರಗಳನ್ನು ನೋಡಿದ್ದೇನೆ. ಗುರುತಿಗೆ ಕಟ್ಟಿದ್ದಾರೆ ಅಂದುಕೊಂಡಿದ್ದೆ. ಅವರ ಮಟ್ಟಿಗೆ ಒಳ್ಳೆಯ ನಾದ ಎನ್ನುವ ಒಂದು ವಸ್ತುವೇ ಇರಲಿಲ್ಲ, ಇಷ್ಟು ದೂರಕ್ಕೆ ಒಳ್ಳೆಯ ನಾದ ಎಂಬುದಿತ್ತು. ಮನುಷ್ಯನ ಕಿವಿ ತೀರಾ ಚುರುಕಾಗಿರುವುದು ಸೆಕೆಂಡಿಗೆ ಎರಡರಿಂದ ನಾಲ್ಕು ಸಾವಿರ ಕಂಪನಗಳ ಆಸುಪಾಸಿನಲ್ಲಿ. ಎತ್ತರದ ಬ್ಯಾಫಲ್ ಗಟ್ಟಿ ಮಾಡುವುದು ಆ ಭಾಗವನ್ನೇ. ಹಾಗಾಗಿ ಡೋಲು, ಕೋಡುಬಳೆ, ಮಾತು ಎಲ್ಲ ದಾಟಿ ಅದು ಅಡುಗೆ ಭಟ್ಟರನ್ನು ಮುಟ್ಟುತ್ತದೆ. ಅದೇ ಅಲಗು ಮೂರು ಅಡಿ ದೂರದಲ್ಲಿ ಕಿವಿ ಕೊಯ್ಯುತ್ತದೆ. ನಾನು ಪ್ರೀತಿಸಿದ ಡೆಸ್ಮಂಡ್ ಎಲ್ಲಿ ನುಡಿಸಿದ್ದು? ನನ್ನ ಮಟ್ಟಿಗೆ ಯಾವಾಗಲೂ ಮೈಕಿನ ಮುಂದೆ. ಆ ಆಪ್ತತೆಯಲ್ಲಿ ಆತನ ಗ್ರೆಗರಿ ಮೌತ್‌ಪೀಸಿನ ಪಾಲೆಷ್ಟೋ ಮೈಕಿನ ಪಾಲೂ ಅಷ್ಟಿದ್ದೀತು. ಮೈಕು ಎನ್ನುವುದು ಹಾಸಿಗೆಯ ಪಕ್ಕ ಕೂತ ಕಿವಿ. ಆ ಕಿವಿಗಾಗಿ ಮಾಡಿದ ನಾದವನ್ನು ನಾನು ಅಡಿಕೆ ತೋಟ ದಾಟಿಸುವ ಉಸಿರಿನಲ್ಲಿ ಹುಡುಕುತ್ತಿದ್ದೆ.

"ಎರಡಕ್ಕೂ ಅಲ್ಲ ಮೇಷ್ಟ್ರೇ. ಮನೆಯಲ್ಲೇ. ನನಗೇ" ಅಂದೆ.

"ಮತ್ತೆ ಯಾಕೆ ಇಷ್ಟು ಜೋರು ಊದ್ತಿ ಮಾರಾಯ?"

ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಇಪ್ಪತ್ತು ವರ್ಷ ಹಳೆಯ ಡೋಲು ಇನ್ನೂ ನನ್ನ ಹೊಟ್ಟೆಯಲ್ಲಿ ಬಡಿಯುತ್ತಿತ್ತು. ವಿನೋಬನಗರದ ಹತ್ತಡಿ ಹನ್ನೆರಡಡಿ ಕೋಣೆಯಲ್ಲಿ ನಾನು ಇಲ್ಲದ ಡೋಲನ್ನು ದಾಟುತ್ತಿದ್ದೆ, ಅದನ್ನು ಕಲಿಸಿದವರೇ ಈಗ ಯಾಕೆ ಎಂದು ಕೇಳುತ್ತಿದ್ದರು. ಹೊರಡುವಾಗ ಅವರು ಮೇಯರನ್ನು ಕೈಗೆ ತಗೊಂಡು ಒಳಗೆ ಇಣುಕಿ, "ಚಂದ ಉಂಟು" ಎಂದು ವಾಪಸ್ ಕೊಟ್ಟರು.

ಮಳೆಯಲ್ಲಿ

ಸ್ಯಾಕ್ಸ್ ಕಲಿಸುವವರು ಹೇಳುವ ಒಂದು ಅಭ್ಯಾಸ ಇದೆ. ಮೌತ್‌ಪೀಸೊಂದನ್ನೇ ಕೈಯಲ್ಲಿ ಹಿಡಿದು ಊದುವುದು. ಆಲ್ಟೋದಲ್ಲಿ ಶಾಸ್ತ್ರೀಯ ಪಾಶ್ಚಾತ್ಯ ಸಂಗೀತದವರು ಅದರಿಂದ ಎ ಸ್ವರ, ಅಂದರೆ ಸೆಕೆಂಡಿಗೆ 880 ಕಂಪನ, ಬರಬೇಕು ಎನ್ನುತ್ತಾರೆ. ಜಾಝಿನವರು ಅದಕ್ಕಿಂತ ಕೆಳಗೆ, ಜಿ ಹತ್ತಿರ, ದವಡೆ ಸಡಿಲ ಬಿಟ್ಟು. ನನ್ನದು ಫೋನಿನ ಟ್ಯೂನರಿನಲ್ಲಿ ಎಯನ್ನೂ ದಾಟಿ ಮೇಲೆ ನಿಂತಿತ್ತು. ಅಂದರೆ ಕಚ್ಚುತ್ತಿದ್ದೆ. ಅರ್ಧ ಸ್ವರ ಇಳಿಸಲು ಮೂರು ವಾರ ಹಿಡಿಯಿತು, ಇನ್ನೊಂದಕ್ಕೆ ಎರಡು ತಿಂಗಳು. ಈ ಕೆಲಸಕ್ಕೆ ಯಾವ ಪೀಸಾದರೂ ಆದೀತು, ಹಳೆಯ 4ಸಿ ಕೂಡ. ಅದನ್ನು ಬರೆಯಲು ಸ್ವಲ್ಪ ಹೊಟ್ಟೆ ಉರಿಯುತ್ತದೆ.

ಮಳೆಗಾಲ ಶುರುವಾದ ಮೇಲೆ ರೀಡಿನ ಗೋಳು ಬೇರೆ. ರೀಡೆಂದರೆ ಮೆಡಿಟರೇನಿಯನ್ ಬಿಸಿಲಿನಲ್ಲಿ ಒಣಗಿದ ಲಾಳದ ಕಡ್ಡಿ. ಆರಿದ್ರಾ ಮಳೆಗೆ ಅದರ ಗತಿ ಏನಾಗಬೇಡ? ತುದಿ ಸೊಟ್ಟಗಾಗಿ ಅಲೆಯೇಳುತ್ತದೆ, ನಾಲ್ಕು ದಿನ ಡಬ್ಬಿಯಲ್ಲಿ ಮರೆತರೆ ಕಪ್ಪು ಬೂಸಲು. ನಾನು ಗಾಜಿನ ತುಂಡಿಗೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ ಅಕ್ಕಿ ಡಬ್ಬಿಯ ಮೇಲಿಡುತ್ತೇನೆ. ಭಾಯ್ ಕೊಟ್ಟ ಗಾಜೇ ಅದು.

ಮಹಡಿ ಕೋಣೆಯ ಮುಂದೆ ತಗಡಿನ ಶೀಟು ಹೊದಿಸಿದ್ದೇವೆ. ಜುಲೈ ರಾತ್ರಿ ಮಳೆ ಬಿದ್ದರೆ ನನ್ನ ಸ್ಯಾಕ್ಸ್ ನನಗೇ ಕೇಳುವುದಿಲ್ಲ, ಹಲ್ಲಿನಲ್ಲಿ ಮಾತ್ರ ಕೇಳುತ್ತದೆ. ಒಂದು ರಾತ್ರಿ ಹಾಗೆ ಕಣ್ಣು ಮುಚ್ಚಿ ಊದುತ್ತಿದ್ದೆ. ಮಳೆ ಯಾರೋ ನಲ್ಲಿ ತಿರುಗಿಸಿದಂತೆ ಫಕ್ಕನೆ ನಿಂತುಬಿಟ್ಟಿತು. ನನ್ನ ಸ್ವರ ಬೀದಿಯಲ್ಲಿ ಬತ್ತಲೆ ನಿಂತಿತ್ತು, ಅಷ್ಟು ಜೋರಾಗಿ. ಡೋಲಿನ ಬದಲು ಈಗ ಮಳೆಯ ಜೊತೆ ಜಗಳಕ್ಕಿಳಿದಿದ್ದೆ. ಉಸಿರನ್ನು ಅರ್ಧಕ್ಕಿಳಿಸಿ ಅದೇ ಸಾಲನ್ನು ಮತ್ತೆ ನುಡಿಸಿದೆ. ಸೂರಿನಿಂದ ಹನಿ ತೊಟ್ಟಿಕ್ಕುವ ಸದ್ದು ಸ್ವರದ ನಡುವೆ ಕೇಳುವಷ್ಟು ಮೆಲ್ಲಗೆ. ಕೆಳಗಿನಿಂದ ಯಾರೂ ಏನೂ ಅನ್ನಲಿಲ್ಲ. ಕೇಳಿಸಿಯೇ ಇರಲಿಲ್ಲ ಎಂದು ಬೆಳಿಗ್ಗೆ ತಿಳಿಯಿತು.

ಚಿನ್ನದ ಬಣ್ಣದ ಪೀಸನ್ನು ಬ್ಯಾಂಡ್ ಸೆಟ್ಟಿನಲ್ಲಿ ನುಡಿಸುವ ಒಬ್ಬ ಹುಡುಗನಿಗೆ ಕೊಂಡದ್ದರ ಕಾಲು ಬೆಲೆಗೆ ಕೊಟ್ಟೆ. ಗಣಪತಿ ಬಿಡುವ ದಿನಗಳು ಮುಗಿಯದ ಒಂದು ರಾತ್ರಿ, ಒಂಬತ್ತರ ಮೇಲೆ, ನಾನು ಕೋಣೆಯಲ್ಲಿ ಮೇಯರಿಗೆ ರೀಡ್ ಕಟ್ಟುತ್ತಿದ್ದೆ. ದೂರದಲ್ಲಿ ಯಾವುದೋ ಮೆರವಣಿಗೆ ತಿರುಗಿದ್ದಿರಬೇಕು. ಮೊದಲು ತಮಟೆ, ಪಟಾಕಿ, ಜನರ ಕೂಗು. ಅದೆಲ್ಲದರ ಮೇಲಿಂದ, ಯಾವುದಕ್ಕೂ ಸಿಕ್ಕದೆ, ಸಿನಿಮಾ ಹಾಡೊಂದು ತೆಳ್ಳಗೆ, ಚೂಪಾಗಿ, ಸ್ಪಷ್ಟವಾಗಿ ಬಂತು. ನನ್ನ ಪೀಸು. ಅಂಚು ಎಳೆದು ನೆಟ್ಟಗೆ ಮಾಡಿದ್ದು ನಾವೇ, ಗುರುತು ಸಿಗದೆ ಇದ್ದೀತೇ? ಹುಡುಗ ಒಂದು ಸ್ವರಕ್ಕೂ ಕೀಚೆನ್ನಿಸಲಿಲ್ಲ. ಎರಡು ಬೀದಿಯಾಚೆಯೋ ಮೂರೋ. ಮಗಳು ಮೆಟ್ಟಿಲಲ್ಲಿ ನಿಂತು, "ಎಷ್ಟು ಚೆನ್ನಾಗಿ ಊದ್ತಿದಾರೆ ಅಲ್ವಾ ಅಪ್ಪಾ" ಅಂದಳು. ಹೌದು ಅಂದೆ. ಅಭ್ಯಾಸಕ್ಕೆ ಕಿಟಕಿ ಮುಚ್ಚಿದೆ. ಆಮೇಲೂ ಕೇಳುತ್ತಿತ್ತು.